ಕನ್ನಂಬಾಡಿಯ ಬೃಂದಾವನ: ಒಂದು ವಿಹಾರೋದ್ಯಾನದ ಚರಿತ್ರೆ

೧

ಉದ್ಯಾನವಿಹಾರವೂ ಸಲಿಲಕ್ರೀಡೆಯೂ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸೇರಿದವುಗಳೆಂಬುದು ಸಾಹಿತ್ಯಾಭ್ಯಾಸಿಗಳೆಲ್ಲರಿಗೂ ವಿದಿತವಾದ ವಿಷಯ. ದಂಡಿಯು ಕಾವ್ಯಾದರ್ಶದಲ್ಲಿ ಇವನ್ನು ಹೆಸರಿಸಿದ ಮೇಲೆ ಸಂಸ್ಕೃತ ಕವಿಗಳೂ ಕನ್ನಡ ಕವಿಗಳೂ ತಮ್ಮ ತಮ್ಮ ಕಾವ್ಯಗಳಲ್ಲಿ ಇವಕ್ಕೆ ಎಡೆಮಾಡಿಕೊಡುತ್ತ ಬಂದಿರುವರು. ಈ ವರ್ಣನೆಗಳನ್ನು ಓದುವವರು ಅವು ಕೇವಲ ಕವಿಸಮಯವೆಂದು ಭಾವಿಸುವುದುಂಟು. ಆದರೆ ಇಂಥ ಉದ್ಯಾನಗಳೂ, ನೀರನ್ನು ಚಿಮ್ಮಿಸುವ ಯಂತ್ರಗಳೂ, ತಿರುಗುವ ಉಯ್ಯಾಲೆಗಳೂ ಶಾಸ್ತ್ರಗ್ರಂಥಗಳಲ್ಲಿ ಲಕ್ಷಣಸಹಿತವಾಗಿ ನಿರೂಪಿತವಾಗಿವೆ. ಮೈಸೂರಿಗೆ ಸುಮಾರು ಹನ್ನೆರಡು ಮೈಲಿ ದೂರದಲ್ಲಿ, ಕೃಷ್ಣರಾಜಸಾಗರದ ಕಟ್ಟೆಯ ಕೆಳಗೆ ಹಬ್ಬಿರುವ ಬೃಂದಾವನವು ಈ ವಿನೋದಗಳ ಪರಂಪರೆಯೊಡನೆ ಹೋಲಿಸಿ ನೋಡುವುದಕ್ಕೆ ತಕ್ಕ ಸ್ಥಳವಾಗಿದೆ.

ಈ ಉದ್ಯಾನವನ್ನು ಕುರಿತು ಪ್ರವಾಸಿಗಳ ಕೈಪಿಡಿಗಳಲ್ಲಿ ಬೇಕಾದಷ್ಟು ಬರೆದಿದೆ. ಅದು ಯಾವ ಕ್ರಮದಲ್ಲಿ ಹುಟ್ಟಿತು, ಹಿಂದಿನ ರಾಜೋದ್ಯಾನಗಳಿಗಿಂತ ಯಾವ ಅಂಶದಲ್ಲಿ ಬೇರೆಯಾಯಿತು ಎಂಬ ವಿಚಾರ ಮಾತ್ರ ಅಲ್ಲಿ ಬರುವುದಿಲ್ಲ. ಬೃಂದಾವನದ ಮುಂದಿನ ರೂಪವೇನಾಗಬೇಕೆಂಬ ಚರ್ಚೆ ಈಚೆಗೆ ನಾಡಿನಲ್ಲಿ ಎದ್ದಿರುವುದರಿಂದ ಈ ವಿಚಾರಕ್ಕೆ ಈಗ ವಿಶೇಷವಾದ ಪ್ರಯೋಜನವೂ ಉಂಟು.

೨

ಮೊದಲು ಪೂರ್ವಗ್ರಂಥಗಳ ಸಾಕ್ಷ್ಯವನ್ನು ನೋಡಬಹುದು. ಕಾಳಿದಾಸನ ರಘುವಂಶದ ಹದಿನಾರನೆಯ ಸರ್ಗದಲ್ಲಿ ಬೇಸಗೆಯ ತಾಪವನ್ನು ಕಳೆಯಲು ಶ್ರೀಮಂತರು ಧಾರಾಗೃಹಗಳನ್ನು ಆಶ್ರಯಿಸಿದ ವಿಷಯವಿದೆ. ಅದೇ ಸರ್ಗದಲ್ಲಿ ಕುಶ ಮಹಾರಾಜನು ಸರಯೂ ನದಿಯಲ್ಲಿ ನಡೆಸಿದ ಜಲಕ್ರೀಡೆಯೂ ವರ್ಣಿತವಾಗಿದೆ. ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದ ಕೊನೆಯಲ್ಲಿ ಮಧ್ಯಾಹ್ನವನ್ನು ಸಾರುವ ವೈತಾಳಿಕನು, ತಿರುಗುತ್ತ ಹನಿಗಳನ್ನು ಎರಚುವ ವಾರಿಯಂತ್ರದ ಬಳಿಗೆ ಬಾಯಾರಿದ ನವಿಲು ಸಾರುವುದನ್ನು ಹೇಳುತ್ತಾನೆ. ಮೂರನೆಯ ಅಂಕದಲ್ಲಿ ಪ್ರಮದವನದ ಉಯ್ಯಾಲೆಯ ಪ್ರಸ್ತಾಪ ಬರುತ್ತದೆ. ನೀರು, ತೋಟ, ಉಯ್ಯಾಲೆ ಈ ಮೂರೂ ಅಷ್ಟು ಹಿಂದೆಯೇ ಒಂದೆಡೆ ಕೂಡಿದ್ದುವೆಂಬುದು ಇದರಿಂದ ತಿಳಿಯುತ್ತದೆ.

ಕವಿಗಳು ಕಂಡು ಹೇಳಿದ್ದನ್ನು ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನು ಶಾಸ್ತ್ರವಾಗಿ ನಿರೂಪಿಸಿದನು. ಅವನ ಸಮರಾಂಗಣಸೂತ್ರಧಾರವೆಂಬ ವಾಸ್ತುಗ್ರಂಥದ ಮೂವತ್ತೊಂದನೆಯ ಅಧ್ಯಾಯಕ್ಕೆ ಯಂತ್ರವಿಧಾನವೆಂದು ಹೆಸರು. ಅಲ್ಲಿ ಧಾರಾಗೃಹ, ಪ್ರವರ್ಷಣ, ಪ್ರಣಾಲ, ಜಲಮಗ್ನ, ನಂದ್ಯಾವರ್ತವೆಂದು ಜಲಗೃಹಗಳು ಐದು ವಿಧ. ವಸಂತ, ಮದನನಿವಾಸ, ವಸಂತತಿಲಕ, ವಿಭ್ರಮಕ, ತ್ರಿಪುರವೆಂದು ತಿರುಗುವ ರಥದೋಲೆಗಳೂ ಐದು ವಿಧ. ನೀರಿನ ಯಂತ್ರಗಳನ್ನು ನೀರು ಹರಿಯುವ ರೀತಿಗನುಸಾರವಾಗಿ ನಾಲ್ಕಾಗಿ ವಿಂಗಡಿಸಿದೆ. ಎತ್ತರದಿಂದ ಕೆಳಕ್ಕೆ ಬೀಳುವುದು ಪಾತ. ನಿಂತ ನೀರಿನ ಮಟ್ಟಕ್ಕೇ ಹೊರಬರುವುದು ಉಚ್ಛ್ರಾಯಸಮಪಾತ. ಮೊದಲು ಬಿದ್ದು ಆ ಬಲದಿಂದಲೇ ಮೇಲಕ್ಕೆ ಏಳುವುದು ಪಾತಸಮುಚ್ಛ್ರಾಯ. ಕೆಳಗಿನಿಂದ ಮೇಲಕ್ಕೆ ಎತ್ತಲ್ಪಡುವುದು ಉಚ್ಛ್ರಾಯ. ಇಂದಿನ ಕಾರಂಜಿಗಳ ಮೂಲಸೂತ್ರವು ಈ ವಿಭಾಗದಲ್ಲಿಯೇ ಅಡಕವಾಗಿದೆ ಎನ್ನಬಹುದು.

ಆದರೆ ಭೋಜನ ಗ್ರಂಥದಲ್ಲಿ ಗಮನಿಸತಕ್ಕ ಮತ್ತೊಂದು ಮಾತಿದೆ. ಯಂತ್ರಗಳ ಫಲವನ್ನು ಹೇಳಿ ಅವುಗಳ ಘಟನೆಯನ್ನು ಪೂರ್ತಿಯಾಗಿ ಹೇಳದೆ ಬಿಟ್ಟುದು ತಿಳಿಯದೆ ಅಲ್ಲ, ಗುಟ್ಟನ್ನು ಕಾಪಾಡುವುದಕ್ಕಾಗಿ ಎಂದು ಅವನು ಸ್ಪಷ್ಟಪಡಿಸಿದ್ದಾನೆ. ಎಲ್ಲರಿಗೂ ತಿಳಿದುಹೋದ ಯಂತ್ರದಲ್ಲಿ ಕೌತುಕ ಉಳಿಯುವುದಿಲ್ಲವೆಂಬುದು ಅವನ ಆಶಯ. ಅರಮನೆಯ ವಿನೋದವು ಅರಮನೆಯ ಒಳಗೇ ಉಳಿಯತಕ್ಕದ್ದೆಂಬ ಭಾವನೆ ಈ ಗೋಪನದ ಹಿಂದೆ ಇರುವಂತೆ ತೋರುತ್ತದೆ.

ಕನ್ನಡನಾಡಿನ ಅರಸನೊಬ್ಬನು ಇದೇ ವಿಷಯವನ್ನು ಇನ್ನೂ ವಿಸ್ತಾರವಾಗಿ ಬರೆದಿರುವನು. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರುಂಟು. ಅದರಲ್ಲಿ ಐದು ವಿಂಶತಿಗಳು; ಒಂದೊಂದರಲ್ಲಿ ಇಪ್ಪತ್ತರಂತೆ ನೂರು ಅಧ್ಯಾಯಗಳು. ಕೊನೆಯದಾದ ಕ್ರೀಡಾವಿಂಶತಿಯಲ್ಲಿ ಭೂಧರಕ್ರೀಡೆ, ವನಕ್ರೀಡೆ, ಆಂದೋಲನಕ್ರೀಡೆ, ಸೇಚನಕ್ರೀಡೆ, ತೋಯಕ್ರೀಡೆ, ಶಾದ್ವಲಕ್ರೀಡೆ, ವಾಲುಕಾಕ್ರೀಡೆ, ಜ್ಯೋತ್ಸ್ನಾಕ್ರೀಡೆ ಮೊದಲಾದವು ಬರುತ್ತವೆ. ಗುಡ್ಡ, ತೋಪು, ಉಯ್ಯಾಲೆ, ನೀರೆರಚಾಟ, ಈಜಾಟ, ಹಸುರುಹುಲ್ಲು, ಮರಳು, ಬೆಳುದಿಂಗಳು ಎಂದು ಇವನ್ನು ತಿಳಿಗನ್ನಡದಲ್ಲಿ ಹೇಳಿದರೆ ಒಂದು ವಿಹಾರೋದ್ಯಾನದ ಅಂಗಗಳೆಲ್ಲವೂ ಕಣ್ಣಮುಂದೆ ನಿಲ್ಲುತ್ತವೆ.

ಈ ಗ್ರಂಥದ ವಿಂಶತಿಗಳ ಅನುಕ್ರಮವು ಅದರ ವಿಷಯದಷ್ಟೇ ಮುಖ್ಯವಾದುದು. ರಾಜ್ಯವನ್ನು ಪಡೆಯುವ ಕಾರಣಗಳು ಮೊದಲನೆಯದರಲ್ಲಿ, ಪಡೆದ ರಾಜ್ಯವನ್ನು ಸ್ಥಿರಗೊಳಿಸುವ ಉಪಾಯಗಳು ಎರಡನೆಯದರಲ್ಲಿ, ಉಪಭೋಗಗಳು ಮೂರನೆಯದರಲ್ಲಿ, ವಿನೋದಗಳು ನಾಲ್ಕನೆಯದರಲ್ಲಿ, ಕ್ರೀಡೆಗಳು ಐದನೆಯದರಲ್ಲಿ. ಸೋಮೇಶ್ವರನು ಆಟಪಾಟಗಳನ್ನು ತುಚ್ಛವೆಂದು ತಳ್ಳಲಿಲ್ಲ. ನೂರರಲ್ಲಿ ನಲವತ್ತು ಅಧ್ಯಾಯಗಳನ್ನು ವಿನೋದಕ್ರೀಡೆಗಳಿಗೇ ಮೀಸಲಿಟ್ಟನು. ಆದರೆ ಅವುಗಳ ಸ್ಥಾನವು ರಾಜ್ಯಸ್ಥೈರ್ಯದ ಅನಂತರವೆಂಬುದನ್ನು ಗ್ರಂಥದ ಕಟ್ಟಿನಲ್ಲಿಯೇ ತೋರಿಸಿಕೊಟ್ಟನು. ಈ ಅನುಕ್ರಮವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಚರಿತ್ರೆಯನ್ನು ನೋಡತಕ್ಕದ್ದು.

೩

ಮೈಸೂರು ಸೀಮೆಯಲ್ಲಿ ಉದ್ಯಾನನಿರ್ಮಾಣವು ಬೃಂದಾವನದಿಂದ ಮೊದಲಾದುದಲ್ಲ. ಹೈದರಾಲಿಯು ೧೭೬೦ರಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಪ್ರಾರಂಭಿಸಿದನು. ಅದು ೧೮೫೬ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. ಟಿಪ್ಪೂ ಸುಲ್ತಾನನು ೧೭೮೪ರಲ್ಲಿ ಶ್ರೀರಂಗಪಟ್ಟಣದ ಹೊರಗೆ ಕಾವೇರಿಯ ದಡದಲ್ಲಿ ದರಿಯಾ ದೌಲತ್ ಬಾಗನ್ನು ನಿರ್ಮಿಸಿದನು. ಇವು ಹುಟ್ಟಿನಲ್ಲಿ ಅರಸರ ತೋಟಗಳೇ. ಅಂಥ ತೋಟವು ಜನರ ಪಾಲಿಗೆ ಬಂದದ್ದು ಆಳ್ವಿಕೆ ಬದಲಾದ ಮೇಲೆ.

ಕನ್ನಂಬಾಡಿಯ ಕಟ್ಟೆಯ ಬಳಿ ಟಿಪ್ಪೂವಿನ ಕಾಲದ ಪಾರಸಿ ಶಾಸನವೊಂದನ್ನು ಇಂದಿಗೂ ಕಾಣಬಹುದು. ಹದಿನೆಂಟನೆಯ ಶತಮಾನದ ಕೊನೆಯ ದಶಕಕ್ಕೆ ಸೇರಿದ ಈ ಶಾಸನದಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟುವ ಸಂಕಲ್ಪವೂ, ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲನ್ನು ಬಿಟ್ಟುಕೊಡುವ ಮಾತೂ ಇವೆ. ಇಂದಿನ ಕಟ್ಟೆಯು ಆ ಸಂಕಲ್ಪದ ಫಲವೆಂದು ಹೇಳುವುದು ಯುಕ್ತವಲ್ಲ. ಎರಡಕ್ಕೂ ನಡುವೆ ನೂರು ವರ್ಷಕ್ಕೆ ಮೀರಿದ ಅಂತರವಿದೆ. ಆದರೆ ಈ ಎಡೆಯಲ್ಲಿ ಕಾವೇರಿಯನ್ನು ತಡೆದು ನಿಲ್ಲಿಸಬೇಕೆಂದು ಯೋಚಿಸಿದವರಿಗೆ ಮೊದಲು ತೋರಿದ್ದು ಬೇಸಾಯವೆಂಬುದು ಈ ಶಾಸನದಿಂದ ಸಿದ್ಧವಾಗುತ್ತದೆ.

ಇಂದಿನ ಕಟ್ಟೆಯ ಕೆಲಸವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೧೧ರ ಕೊನೆಯಲ್ಲಿ ಮೊದಲಾಯಿತು. ೧೯೦೯ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಇದರ ಯೋಜಕರು. ೧೯೧೨ರಿಂದ ೧೯೧೮ರ ವರೆಗೆ ಅವರೇ ದಿವಾನರಾಗಿದ್ದರು. ಉದ್ದೇಶವು ಎರಡು ಬಗೆಯದು. ೧೯೦೨ರಿಂದ ಶಿವನಸಮುದ್ರದಲ್ಲಿ ಉತ್ಪನ್ನವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿದ್ದ ವಿದ್ಯುಚ್ಛಕ್ತಿಗೆ ಬೇಸಗೆಯಲ್ಲಿಯೂ ನೀರು ಕಡಮೆಯಾಗದಂತೆ ಮಾಡುವುದು ಒಂದು. ಮಂಡ್ಯದ ಕಡೆಯ ಬೆಂಗಾಡಿಗೆ ನೀರುಣಿಸುವುದು ಮತ್ತೊಂದು. ಮದರಾಸು ಸರಕಾರದ ಆಕ್ಷೇಪಣೆಯಿಂದ ಎದ್ದ ವಿವಾದವು ೧೯೨೪ರ ಒಪ್ಪಂದದಿಂದ ಆ ಕಾಲಕ್ಕೆ ಮುಗಿಯಿತು. ಸಿಮೆಂಟಿಗೆ ಬದಲಾಗಿ ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರಸಿದ ಸುರ್ಕಿ ಗಾರೆಯಿಂದ ಕಲ್ಲುಗಳನ್ನು ಬೆಸೆದು ಕಟ್ಟಿದ ಈ ಕಟ್ಟೆಯ ಉದ್ದ ಸುಮಾರು ೮,೬೦೦ ಅಡಿ. ಜಲಾಶಯದ ಪೂರ್ಣಮಟ್ಟ ೧೨೪.೮೦ ಅಡಿ. ಕಾವೇರಿಯೊಡನೆ ಹೇಮಾವತಿ, ಲಕ್ಷ್ಮಣತೀರ್ಥಗಳ ನೀರೂ ಇಲ್ಲಿ ಕೂಡಿ ನಿಲ್ಲುತ್ತದೆ. ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯು ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯದ ಬಯಲಿಗೆ ನೀರೊಯ್ದಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಜೋಳ ರಾಗಿಗಳ ಹೊಲದಲ್ಲಿ ಬತ್ತವೂ ಕಬ್ಬೂ ಬೆಳೆದುವು.

೪

ಉದ್ಯಾನದ ಕೆಲಸವು ೧೯೨೭ರಲ್ಲಿ, ಎಂದರೆ ಕಟ್ಟೆಯ ಕೆಲಸ ಮೊದಲಾಗಿ ಹದಿನಾರು ವರ್ಷಗಳಾದ ಮೇಲೆ ಪ್ರಾರಂಭವಾಗಿ ೧೯೩೨ರಲ್ಲಿ ಮುಗಿಯಿತು. ೧೯೨೬ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರ ಉತ್ಸಾಹವೇ ಇದಕ್ಕೆ ಮುಖ್ಯ ಕಾರಣ. ತೋಟದ ವಿನ್ಯಾಸವನ್ನು ಮಾಡಿದವರು ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ೧೯೦೮ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜಿ. ಎಚ್. ಕ್ರುಂಬಿಗಲ್ಲರು. ಮೊದಲು ಇದಕ್ಕೆ ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್ ಎಂಬ ಹೆಸರಿತ್ತು. ಸುಮಾರು ೬೦ ಎಕರೆಗಳ ಈ ತೋಟವು ಮಜಲು ಮಜಲಾಗಿ ಇಳಿಯುತ್ತದೆ. ನಡುವೆ ನೀರಿನ ಕಾಲುವೆ, ಅದರ ಉದ್ದಕ್ಕೂ ಕಾರಂಜಿಗಳು, ಎರಡು ಕಡೆಗೂ ಹುಲ್ಲುಹಾಸು, ಕತ್ತರಿಸಿ ಆಕಾರ ಕೊಟ್ಟ ಗಿಡಗಳು, ಚೆಂಡುಹೂ ಕಾಗದದ ಹೂಗಳ ಪಾತಿಗಳು. ನದಿಯ ಎರಡು ಪಕ್ಕಗಳಲ್ಲಿ ಇರುವುದರಿಂದ ದಕ್ಷಿಣ ಬೃಂದಾವನ, ಉತ್ತರ ಬೃಂದಾವನವೆಂದು ಎರಡು ಭಾಗಗಳಾಗಿ, ನಡುವಣ ಕೊಳದಲ್ಲಿ ದೋಣಿಗಳು ಓಡಾಡುತ್ತವೆ. ಮಕ್ಕಳಿಗೆ ಬೇರೆಯೇ ತೋಟವಿದೆ. ಸಂಗೀತಕ್ಕೆ ತಾಳವಿಡುವಂತೆ ಏರಿಳಿಯುವ ಕಾರಂಜಿಯು ಉತ್ತರ ಭಾಗದಲ್ಲಿದ್ದು, ಸಂಜೆಯ ಜನಸಂದಣಿಯನ್ನೆಲ್ಲ ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ.

ಈ ವಿನ್ಯಾಸಕ್ಕೆ ಕಾಶ್ಮೀರದ ಶಾಲಿಮಾರ್ ಉದ್ಯಾನವು ಮಾದರಿಯೆಂದು ಪ್ರಸಿದ್ಧಿ. ಜಹಾಂಗೀರ್ ಬಾದಶಹನು ೧೬೧೯ರಲ್ಲಿ ಮಾಡಿಸಿದ ಆ ತೋಟದಲ್ಲಿಯೂ ಮಜಲುಗಳೂ ನಡುಗಾಲುವೆಯೂ ಇವೆ. ಬೀಳುವ ನೀರಿನ ತೆರೆಯ ಹಿಂದಣ ಗೋಡೆಯಲ್ಲಿ ಸಣ್ಣ ಸಣ್ಣ ಗೂಡುಗಳಿದ್ದು, ರಾತ್ರಿಯ ಹೊತ್ತು ಅವುಗಳಲ್ಲಿ ದೀಪಗಳನ್ನು ಇಡುತ್ತಿದ್ದರು. ನೀರಿನ ಮೂಲಕ ಬೆಳಕನ್ನು ನೋಡುವ ಈ ಹವಣೇ ಬೃಂದಾವನದಲ್ಲಿ ಬಣ್ಣಬಣ್ಣದ ವಿದ್ಯುದ್ದೀಪಗಳ ರೂಪವನ್ನು ತಾಳಿತು. ಸೋಮೇಶ್ವರನ ಜ್ಯೋತ್ಸ್ನಾಕ್ರೀಡೆಗೆ ಹುಣ್ಣಿಮೆಯನ್ನು ಕಾಯಬೇಕಾಗಿತ್ತು, ಇಲ್ಲಿ ಕಾಯಬೇಕಾದುದಿಲ್ಲ. ನೀರನ್ನೂ ವಿದ್ಯುತ್ತನ್ನೂ ಕಾವೇರಿಯಿಂದಲೇ ಪಡೆದ ನಾಡಿನಲ್ಲಿ ಇಂಥ ತೋಟ ಹುಟ್ಟಿದುದು ಸ್ವಾಭಾವಿಕವೇ.

ಕಾರಂಜಿಯ ತತ್ತ್ವವನ್ನು ವಿಚಾರಿಸಿದರೆ ಭೋಜನ ಪಾತಸಮುಚ್ಛ್ರಾಯವು ನೆನಪಿಗೆ ಬರುತ್ತದೆ. ಕಟ್ಟೆಯ ಹಿಂದೆ ಎತ್ತರದಲ್ಲಿ ನಿಂತ ನೀರು ಕೆಳಗಿನ ತೋಟದ ಕಡೆಗೆ ಇಳಿದು ಬರುವಾಗ ಅದಕ್ಕೆ ಸಹಜವಾದ ಒತ್ತಡವುಂಟಾಗುತ್ತದೆ. ಆ ಒತ್ತಡವೇ ಕಿರಿದಾದ ಬಾಯಿಂದ ಅದನ್ನು ಮೇಲಕ್ಕೆ ಚಿಮ್ಮಿಸಬಲ್ಲುದು. ಇದರಿಂದ ಕ್ರುಂಬಿಗಲ್ಲರು ಭೋಜನನ್ನು ಅನುಸರಿಸಿದರೆಂದು ಸಾಧಿಸಹೊರಡುವುದು ಪಾಂಡಿತ್ಯದ ಅಪಹಾಸ್ಯವಾದೀತು. ನೀರಿನ ಗುಣವು ಎಲ್ಲ ದೇಶಕಾಲಗಳಲ್ಲಿಯೂ ಒಂದೇ ಆದುದರಿಂದ ಬಲ್ಲವರು ಬೇರೆ ಬೇರೆ ಕಡೆಗಳಲ್ಲಿ ಒಂದೇ ಉಪಾಯವನ್ನು ಕಂಡುಕೊಳ್ಳುವುದು ಆಶ್ಚರ್ಯವಲ್ಲ. ಸಾಮ್ಯವನ್ನು ಸಾಮ್ಯವೆಂದು ಹೇಳಬೇಕೇ ಹೊರತು ಪರಂಪರೆಯೆಂದು ಹೇಳಲಾಗದು.

ನಿಜವಾದ ಭೇದವು ಯಂತ್ರದಲ್ಲಿ ಇಲ್ಲ, ಅಧಿಕಾರದಲ್ಲಿದೆ. ಶಾಲಿಮಾರಿನ ಮಜಲುಗಳು ಅಂತಸ್ತಿನ ಮಜಲುಗಳೂ ಆಗಿದ್ದುವು. ಕೆಳಗಿನದು ಪ್ರಜೆಗಳಿಗೆ ಬಾದಶಹನು ದರ್ಶನ ಕೊಡುವ ಎಡೆ. ಅದರ ಮೇಲಿನದು ಅವನ ಖಾಸಾ ತೋಟ. ಎಲ್ಲಕ್ಕೂ ಮೇಲಿನದು ಅಂತಃಪುರದ್ದು. ಭೋಜನ ಧಾರಾಗೃಹದ ಗುಟ್ಟು ಅರಮನೆಯಲ್ಲಿಯೇ ಉಳಿಯಿತು. ಕಾವ್ಯಗಳ ಪ್ರಮದವನದೊಳಕ್ಕೆ ನಗರದ ಜನರು ಕಾಲಿಡುವ ಸಂದರ್ಭವೇ ಇಲ್ಲ. ಬೃಂದಾವನವಾದರೋ ಶಾಲಿಮಾರಿನ ಮಜಲುಗಳನ್ನು ತೆಗೆದುಕೊಂಡು ಅವುಗಳ ಮೇಲಿನ ಕಾವಲನ್ನು ಬಿಟ್ಟಿತು. ಒಬ್ಬ ರೈತನು ತನ್ನ ಹೆಂಡತಿಮಕ್ಕಳೊಡನೆ ಮೇಲಿನ ಮಜಲಿನಿಂದ ಕೆಳಗಿನ ಮಜಲಿನ ವರೆಗೆ ಯಾರ ಅಪ್ಪಣೆಯನ್ನೂ ಬೇಡದೆ ನಡೆದುಹೋಗಬಹುದಾಯಿತು. ಜಾತ್ರೆಯ ತಿರುಗುವ ತೊಟ್ಟಿಲಿನಲ್ಲಿ ಕುಳಿತು ರಥದೋಲೆಯ ಸುಖವನ್ನು ಮೊದಲಿನಿಂದಲೂ ಅನುಭವಿಸುತ್ತಿದ್ದ ಜನರಿಗೆ ಧಾರಾಗೃಹದ ಸುಖವೂ ದೊರೆಯಿತು. ರಾಜಭೋಗವಾಗಿದ್ದುದು ಲೋಕಭೋಗವಾದ ಈ ಪರಿವರ್ತನೆಯೇ ಬೃಂದಾವನದ ಚರಿತ್ರೆಯಲ್ಲಿ ಮುಖ್ಯವಾದ ಸಂಗತಿ. ಇದು ಅರಸೊತ್ತಿಗೆಯ ಕಾಲದಲ್ಲಿಯೇ, ಅರಸನ ಸಮ್ಮತಿಯಿಂದಲೇ ನಡೆಯಿತೆಂಬುದು ನಾಲ್ವಡಿ ಕೃಷ್ಣರಾಜರ ಆಳ್ವಿಕೆಗೆ ಶೋಭೆಯನ್ನು ತರುವಂಥದು.

೫

ಈ ಚರಿತ್ರೆಗೆ ನೀರಿನ ಅಡಿಯಲ್ಲಿ ಉಳಿದ ಒಂದು ಭಾಗವೂ ಉಂಟು. ಕಟ್ಟೆಯ ಹಿಂದೆ ನೀರು ನಿಂತಾಗ ಹಳೆಯ ಕನ್ನಂಬಾಡಿಯೂ ಇತರ ಹಲವು ಗ್ರಾಮಗಳೂ ಮುಳುಗಿದುವು. ಕಣ್ವಪುರಿಯೆಂದು ಸ್ಥಳೈತಿಹ್ಯವು ಹೇಳುವ ಆ ಊರಿನಲ್ಲಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯವಿತ್ತು. ಮಳೆ ಹೋಗಿ ನೀರು ತೀರ ಇಳಿದ ವರ್ಷಗಳಲ್ಲಿ ಆ ದೇವಾಲಯದ ಕಂಬಗಳು ಹೊರಗೆ ಕಾಣುತ್ತಿದ್ದುವು. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳನ್ನು ಬಿಚ್ಚಿ ತಂದು, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು.

ಬೃಂದಾವನವೆಂಬ ಶಬ್ದವನ್ನು ಇಲ್ಲಿ ವಿಚಾರಿಸುವುದು ಅಪ್ರಸ್ತುತವಾಗದು. ಬೃಂದಾ ಎಂದರೆ ತುಲಸಿ; ತುಲಸಿಯ ವನವೇ ಬೃಂದಾವನ. ಗೋಪಾಲಕೃಷ್ಣನು ಕೊಳಲೂದಿ ವಿಹರಿಸಿದ ವನವೆಂಬುದು ಪುರಾಣಪ್ರಸಿದ್ಧವಾದ ಅರ್ಥ. ಕನ್ನಡದಲ್ಲಿ ಮನೆಯಂಗಳದ ತುಲಸಿಯ ಕಟ್ಟೆಗೂ ಅದೇ ಹೆಸರು. ಯತಿಗಳ ಸಮಾಧಿಗೂ ಬೃಂದಾವನವೆನ್ನುವುದು ರೂಢಿ. ಮಂತ್ರಾಲಯದ ಬೃಂದಾವನವನ್ನು ಅರಿಯದವರಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಇವುಗಳ ಜೊತೆಗೆ ನಾಲ್ಕನೆಯ ಅರ್ಥವಾಗಿ ಕಾರಂಜಿಯ ತೋಟವು ಸೇರಿತು. ಕಟ್ಟೆಯ ಒಂದು ಕಡೆ ಕೃಷ್ಣನ ವಿಹಾರಭೂಮಿಯ ಹೆಸರನ್ನು ಹೊತ್ತ ತೋಟ. ಮತ್ತೊಂದು ಕಡೆ ಅದೇ ಕೃಷ್ಣನು ವೇಣುಗೋಪಾಲನಾಗಿ ನಿಂತಿದ್ದ ಗುಡಿಯನ್ನು ನುಂಗಿದ ನೀರು. ಹೆಸರಿಟ್ಟವರ ಮನಸ್ಸಿನಲ್ಲಿ ಈ ಸಂಬಂಧವಿತ್ತೆಂದು ಊಹಿಸಲು ಆಧಾರವಿಲ್ಲ. ಆದರೂ ಶಬ್ದದ ಎಲ್ಲ ಅರ್ಥಗಳನ್ನೂ ಬಲ್ಲ ಕನ್ನಡಿಗನು, ವಿಹಾರಸ್ಥಾನವೆಂಬ ಅರ್ಥದ ಜೊತೆಗೆ ಸಮಾಧಿಯೆಂಬ ಅರ್ಥವನ್ನೂ ನೆನೆಯದೆ ಇರಲಾರನು. ಮುಳುಗಿದ ಊರುಗಳವರು ಮನೆ ಹೊಲ ಗುಡಿಗಳನ್ನು ಬಿಟ್ಟುಕೊಟ್ಟದ್ದು ಕಾರಂಜಿಗಾಗಿ ಅಲ್ಲ. ಬಯಲಿನ ಬೆಳೆಗಾಗಿಯೂ ನಾಡಿನ ಬೆಳಕಿಗಾಗಿಯೂ.

೬

ಇನ್ನು ವರ್ತಮಾನದ ಪ್ರಶ್ನೆ. ವಿಹಾರದ ವಿಷಯದಲ್ಲಿ ಜನರ ಅಭಿರುಚಿಯು ಈಚಿನ ದಶಕಗಳಲ್ಲಿ ಬದಲಾಗಿದೆ. ೨೦೦೫ರಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಬಳಿ ವಂಡರ್‌ಲಾ ಎಂಬ ವಿನೋದೋದ್ಯಾನವು ತೆರೆಯಿತು. ಭಾರಿ ಚಕ್ರಗಳು, ತಲೆಕೆಳಗಾಗಿ ಸುತ್ತುವ ಬಂಡಿಗಳು, ಕೃತಕವಾದ ಅಲೆಗಳನ್ನೆಬ್ಬಿಸುವ ಕೊಳಗಳು ಅಲ್ಲಿ ಜನರನ್ನು ಆಕರ್ಷಿಸುತ್ತವೆ. ಆಂದೋಲನಕ್ರೀಡೆಯೂ ತೋಯಕ್ರೀಡೆಯೂ ಯಂತ್ರಬಲದಿಂದ ಬೆಳೆದು ಬಂದ ರೂಪಗಳೆಂದು ಇವನ್ನು ಹೇಳಬಹುದು. ಬೃಂದಾವನವನ್ನೂ ಇದೇ ಜಾತಿಯ ದೊಡ್ಡ ವಿನೋದೋದ್ಯಾನವಾಗಿ ಮಾರ್ಪಡಿಸಬೇಕೆಂಬ ಯೋಚನೆ ಹುಟ್ಟಿ, ೨೦೨೪ರಲ್ಲಿ ರಾಜ್ಯದ ಸಚಿವಸಂಪುಟವು ಖಾಸಗಿಯವರ ಸಹಭಾಗಿತ್ವದಲ್ಲಿ ಸುಮಾರು ೨,೬೬೩ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರೈತಸಂಘಟನೆಗಳು ಇದನ್ನು ವಿರೋಧಿಸಿದುವು. ಅದೇ ವರ್ಷದ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ ೨೦ ಕಿಲೋಮೀಟರುಗಳ ಒಳಗೆ ಗಣಿಗಾರಿಕೆಯನ್ನು ನಿಷೇಧಿಸಿತ್ತು; ಕಟ್ಟೆಯ ಕ್ಷೇಮದ ವಿಷಯದಲ್ಲಿ ಜನರ ಮನಸ್ಸು ಎಷ್ಟು ಎಚ್ಚರವಾಗಿತ್ತೆಂಬುದಕ್ಕೆ ಇದೂ ಒಂದು ನಿದರ್ಶನ.

ಈ ವಾದದಲ್ಲಿ ಎರಡು ಪಕ್ಷಗಳಿಗೂ ಹೇಳತಕ್ಕುದು ಉಂಟು. ತೋಟವು ಎಂದೆಂದಿಗೂ ೧೯೩೨ರಲ್ಲಿದ್ದಂತೆಯೇ ಇರಬೇಕೆಂಬುದಕ್ಕೆ ಶಾಸ್ತ್ರವೂ ಇಲ್ಲ, ಯುಕ್ತಿಯೂ ಇಲ್ಲ. ಬೃಂದಾವನವೇ ಒಂದು ಕಾಲದಲ್ಲಿ ಹೊಸದಾಗಿತ್ತು. ಪ್ರವಾಸಿಗಳಿಂದ ಸುತ್ತಣ ಊರುಗಳವರಿಗೆ ಜೀವನೋಪಾಯವೂ ದೊರೆಯುತ್ತದೆ. ಆದರೆ ಮಾನಸೋಲ್ಲಾಸದ ಅನುಕ್ರಮವನ್ನು ಇಲ್ಲಿ ಪ್ರಮಾಣವಾಗಿ ಹಿಡಿಯತಕ್ಕದ್ದು. ಕಟ್ಟೆ ಮೊದಲಾದುದು ೧೯೧೧ರಲ್ಲಿ. ನದಿಯ ಹಕ್ಕು ನಿಶ್ಚಿತವಾದುದು ೧೯೨೪ರಲ್ಲಿ. ತೋಟಕ್ಕೆ ಕೈಹಾಕಿದ್ದು ಆ ಬಳಿಕ, ೧೯೨೭ರಲ್ಲಿ. ಸ್ಥೈರ್ಯವು ಮುಂದು, ಕ್ರೀಡೆಯು ಹಿಂದು. ಕಾರಂಜಿಯಲ್ಲಿ ಚಿಮ್ಮಿದ್ದು ನಾಡಿನ ಕಾರ್ಯಕ್ಕೆ ನಿಂತ ನೀರಿನ ಒಂದು ಅಲ್ಪಾಂಶ. ಬೃಂದಾವನದ ಸೊಬಗಿನಲ್ಲಿ ಕಾಣುವ ನೆಮ್ಮದಿಯು ಈ ಅನುಕ್ರಮದಿಂದ ಬಂದುದು. ಹೊಸ ಯೋಜನೆಯಿಂದ ಕಟ್ಟೆಗೆ ಧಕ್ಕೆಯಾಗುವುದೋ, ಬಯಲಿನ ನೀರಿಗೆ ಕೊರತೆಯಾಗುವುದೋ ಎಂಬುದನ್ನು ನಿಶ್ಚಯಿಸತಕ್ಕವರು ಆಯಾ ಶಾಸ್ತ್ರಗಳನ್ನು ಬಲ್ಲವರು. ಅವರ ನಿಶ್ಚಯವು ಮೊದಲು ಬಂದು, ವಿನೋದದ ಏರ್ಪಾಡು ಅನಂತರ ಬರಬೇಕೆಂದು ಹೇಳುವುದಕ್ಕೆ ಮಾತ್ರ ಒಂಬೈನೂರು ವರ್ಷಗಳ ಹಿಂದಣ ಕನ್ನಡನಾಡಿನ ಅರಸನೊಬ್ಬನ ಗ್ರಂಥವೇ ಸಾಕು.

ಎರಡನೆಯ ಪ್ರಮಾಣವು ಬೃಂದಾವನದ ಸ್ವಂತ ಚರಿತ್ರೆಯಿಂದಲೇ ದೊರೆಯುತ್ತದೆ. ಪ್ರಮದವನದ ಬಾಗಿಲನ್ನು ಎಲ್ಲರಿಗೂ ತೆರೆದುದು ಇದರ ಹೆಚ್ಚುಗಾರಿಕೆ. ಮುಂದೆ ಅಲ್ಲಿ ಏಳುವ ಯಂತ್ರಗಳು ಎಷ್ಟೇ ಅದ್ಭುತವಾಗಿದ್ದರೂ, ಅವುಗಳ ಶುಲ್ಕವು ಮಂಡ್ಯದ ಬಯಲಿನ ಕೂಲಿಯವನ ಶಕ್ತಿಗೆ ಮೀರಿದುದಾದರೆ, ಒಮ್ಮೆ ಲೋಕಭೋಗವಾದುದು ಮರಳಿ ಕೆಲವರ ಭೋಗವಾದಂತಾಗುವುದು. ಆಗ ಮಜಲುಗಳ ಮೇಲೆ ಕಾವಲು ಮತ್ತೆ ನಿಲ್ಲುವುದು. ಬಾದಶಹನ ಕಾವಲಿನ ಬದಲಾಗಿ ಹಣದ ಕಾವಲು ಎಂಬಷ್ಟೇ ಭೇದ. ತೋಟದ ವಿಸ್ತಾರ ಎಷ್ಟಾಗಬೇಕು, ಚಕ್ರದ ಎತ್ತರ ಎಷ್ಟಿರಬೇಕು ಎಂಬ ಚರ್ಚೆಯ ನಡುವೆ ಈ ಎರಡು ಮಾತುಗಳು ಮರೆಯಾಗದಂತೆ ನೋಡಿಕೊಳ್ಳುವುದು ನಾಡಿನ ಚರಿತ್ರೆಯನ್ನು ಬಲ್ಲವರ ಕರ್ತವ್ಯ.